ತಾಕತ್ತಿನ ಅಳತೆ

ಲೋಕಾಪುರದ ನಮ್ಮ ಮನೆಯಲ್ಲಿ ಮಗ ಕಂಪ್ಯೂಟರಿನ ಪ್ರೊಸೆಸರನ್ನು ನಿಗದಿಗಿಂತ ವೇಗವಾಗಿ ಓಡಿಸಿದ್ದ. ಇದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. 1998ರ ಸೆಲೆರಾನ್ 300ಎಯನ್ನು ಹವ್ಯಾಸಿಗಳು 300ರಿಂದ 450 ಮೆಗಾಹರ್ಟ್ಸಿಗೆ ಏರಿಸಿ ಹಿಗ್ಗಿದ್ದರಂತೆ. ನಮ್ಮದು ಮಾತ್ರ ಬೇಸಿಗೆಯ ಮಧ್ಯಾಹ್ನ ಮತ್ತೆ ಮತ್ತೆ ನಿಂತುಬಿಡುತ್ತಿತ್ತು. ಮಗ ಫ್ಯಾನಿನ ಧೂಳು ತೆಗೆದ. ವೋಲ್ಟೇಜ್ ಏರಿಸಿದ, ಕಾವೂ ಏರಿತು. ಕೊನೆಗೆ ವೇಗವನ್ನು ಮೊದಲಿನ ಮಟ್ಟಕ್ಕೆ ಇಳಿಸಿದ ಮೇಲೆ ಸರಿಹೋಯಿತು.

“ಅವ್ವಾ, ಇದರ ತಾಕತ್ತು ಇಷ್ಟ ಐತಿ ನೋಡು” ಎಂದ.

ನನಗೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನೆನಪಾದಳು. ಜಾಣೆಯೆಂದು ಹಗಲಿರುಳು ಓದಿಸಿದ್ದೆ. ಪರೀಕ್ಷೆಯ ದಿನ ಏನೂ ಬರೆಯಲಾಗದೆ ಅತ್ತಳು. ನಾನು ಅವಳನ್ನೇ ಬೈದೆ. ಯಂತ್ರ ನಿಂತಾಗ ಯಾರೂ ಅದನ್ನು ಬೈಯಲಿಲ್ಲ, ಓಡಿಸಿದವನೇ ತಪ್ಪು ಹುಡುಕಿಕೊಂಡ. ಮಾಡಬಲ್ಲಳು ಎಂಬ ಒಂದೇ ಕಾರಣಕ್ಕೆ ಅಷ್ಟನ್ನೂ ಹಿಂಡಿಕೊಳ್ಳುವ ಹಕ್ಕು ನನಗೆಲ್ಲಿತ್ತು?