ಹಳಿ ದಾಟುವವನ ಹೊಣೆ

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ನಮ್ಮ ಮಠದಲ್ಲಿಯೇ ಓದಿ ಬೆಳೆದ ಭಕ್ತರೊಬ್ಬರು ತಮ್ಮ ಹೊಸ ತೆಂಗಿನ ತೋಟದಲ್ಲಿ ಪಾದಪೂಜೆಗೆಂದು ನಮ್ಮನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದರು. ನಡುವೆ ಕಾವಲುಗಾರನಿಲ್ಲದ ಲೆವೆಲ್ ಕ್ರಾಸಿಂಗ್. ನಿಲ್ಲಿಸಿ ನೋಡಬಾರದೆ ಎಂದೆವು. "ದಿನಾ ಓಡಾಡೋ ದಾರಿ ಬುದ್ಧಿ, ಈ ಹೊತ್ತಿನಲ್ಲಿ ಯಾವ ರೈಲೂ ಇಲ್ಲ" ಎಂದರು. ಕರೆದವರ ಮನಸ್ಸು ನೋಯಬಾರದೆಂದು ನಾವು ಸುಮ್ಮನಾದೆವು. ತೋಟ ಮುಟ್ಟುವ ಮೊದಲೇ ಬೆನ್ನ ಹಿಂದೆ ಗೂಡ್ಸ್ ಗಾಡಿಯ ಸದ್ದು ಕೇಳಿಸಿತು. ಅಂದು ಅನಾಹುತವಾಗಿದ್ದರೆ ಹೊಣೆ ಯಾರದು ಎಂಬ ಪ್ರಶ್ನೆ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಈ ಪ್ರಶ್ನೆ ಅತ್ಯಂತ ಜಟಿಲವಾಗುವುದು ಖಾಸಗಿ ಕ್ರಾಸಿಂಗುಗಳಲ್ಲಿ. ರೈಲುಮಾರ್ಗವು ಒಬ್ಬನ ಹೊಲವನ್ನು ಸೀಳಿಕೊಂಡು ಹೋದಾಗ ಮನೆ ಈಚೆ, ಬೆಳೆ ಆಚೆ ಆಗುತ್ತದೆ. ಬ್ರಿಟನ್ನಿನಲ್ಲಿ ರೈಲುಮಾರ್ಗಗಳು ಭರದಿಂದ ಹಬ್ಬುತ್ತಿದ್ದ 1845ರಲ್ಲಿ ಆದ ಕಾಯಿದೆಯು, ಇಂಥ ಒಡೆಯರಿಗೆ ಗೇಟು, ಸೇತುವೆ ಮೊದಲಾದುವನ್ನು ಕಂಪನಿಯೇ ಕಟ್ಟಿಕೊಟ್ಟು ಕಾಪಾಡಬೇಕೆಂದು ವಿಧಿಸಿತು. ದಾಟಿದೊಡನೆ ಗೇಟು ಮುಚ್ಚಿ ಭದ್ರಪಡಿಸದವನಿಗೆ ನಲವತ್ತು ಷಿಲಿಂಗುಗಳವರೆಗೆ ದಂಡವನ್ನೂ ಗೊತ್ತುಮಾಡಿತು. ನಮ್ಮಲ್ಲಿಯೂ 1890ರ ರೈಲ್ವೆ ಕಾಯಿದೆ, ಅದರ ಸ್ಥಾನಕ್ಕೆ ಬಂದ 1989ರ ಕಾಯಿದೆಯ 16ನೆಯ ವಿಧಿ, ನೆರೆಯ ಭೂಮಿಯ ಒಡೆಯರಿಗೆ ಇಂಥ ಅನುಕೂಲಗಳನ್ನು ಒದಗಿಸುವ ಭಾರವನ್ನು ರೈಲ್ವೆ ಆಡಳಿತದ ಮೇಲೆಯೇ ಇರಿಸಿವೆ.

1845ರ ರೈತ ತನ್ನ ಕುದುರೆಗಾಡಿಯೊಡನೆ ತಾನೇ ದಾಟುತ್ತಿದ್ದ. ತನ್ನ ಹಳಿಯ ಸ್ವಭಾವವನ್ನು ಬಲ್ಲವನಾಗಿದ್ದ. ಇಂದು ಅದೇ ಗೇಟಿಗೆ ಬರುವವನು ಕೂಲಿಯಾಳು, ಪಾರ್ಸೆಲ್ ತರುವವನು, ಮೊದಲ ಬಾರಿ ಬಂದ ನೆಂಟ. ಅವನೇ ಗೇಟು ತೆರೆಯಬೇಕು. ಟೆಲಿಫೋನ್ ಇದ್ದಲ್ಲಿ ಸಿಗ್ನಲ್ ನಿರ್ವಾಹಕನ ಅನುಮತಿ ಪಡೆಯಬೇಕು. ದಾಟಿ ಮತ್ತೆ ಮುಚ್ಚಬೇಕು. ಬಂದವರಿಗೆ ಇದನ್ನೆಲ್ಲ ತಿಳಿಸುವ ಹೊಣೆಯನ್ನು ಅಲ್ಲಿಯ ಪದ್ಧತಿ ಒಡೆಯನಿಗೆ ವಹಿಸಿದೆ. ಫಲಕ ನೆಟ್ಟಿದ್ದೇನೆ ಎಂದು ರೈಲ್ವೆಯೂ, ಹೇಳಿದ್ದೇನೆ ಎಂದು ಒಡೆಯನೂ ಅನ್ನಬಹುದು. ಹೇಳಿದ್ದು ಕೇಳಿದವನಿಗೆ ತಿಳಿಯಿತೆ ಎಂದು ನೋಡಿದವರು ಯಾರು? ಪಾಠ ಹೇಳುವ ನಾವೂ ಎಷ್ಟೋ ಸಲ ಹೇಳಿದಲ್ಲಿಗೇ ಕರ್ತವ್ಯ ಮುಗಿಯಿತೆಂದು ತಿಳಿದುಬಿಡುತ್ತೇವೆ.

ಕೇಳಿ ನಡೆದವನಿಗೂ ಆಪತ್ತು ತಪ್ಪದೆಂಬುದಕ್ಕೆ ನಿದರ್ಶನವುಂಟು. 2016ರ ಏಪ್ರಿಲ್ 10ರಂದು ಇಂಗ್ಲೆಂಡಿನ ಥೆಟ್‌ಫರ್ಡ್ ಬಳಿಯ ಹಾಕಮ್ ರೋಡ್ ಕ್ರಾಸಿಂಗಿನಲ್ಲಿ ಟ್ರ್ಯಾಕ್ಟರ್ ಚಾಲಕನೊಬ್ಬ ನಿಯಮದಂತೆ ಟೆಲಿಫೋನಿನಲ್ಲಿ ವಿಚಾರಿಸಿ, ಅನುಮತಿ ಪಡೆದೇ ದಾಟಿದ. ಗಂಟೆಗೆ ಸುಮಾರು 140 ಕಿಲೋಮೀಟರು ವೇಗದಲ್ಲಿ ಬರುತ್ತಿದ್ದ ರೈಲು ಬಡಿದು ತೀವ್ರವಾಗಿ ಗಾಯಗೊಂಡ. ದಾಟಲು ಸಾಕಷ್ಟು ಸಮಯವಿಲ್ಲದಾಗ ಸಿಗ್ನಲ್ ನಿರ್ವಾಹಕ ಒಪ್ಪಿಗೆ ಕೊಟ್ಟಿದ್ದ. ತನಿಖೆಯು, ಆತನ ಏಕಾಗ್ರತೆ ಜಾರಿದ್ದಿರಬಹುದೆ ಎಂಬುದನ್ನೂ ಪರಿಶೀಲಿಸಿತು. ಬ್ರಿಟನ್ನಿನ ರೈಲು ಅಪಘಾತ ತನಿಖಾ ಸಂಸ್ಥೆಯ ಕೆಲಸ ತಪ್ಪು ಹೊರಿಸುವುದಲ್ಲ, ಮತ್ತೆ ಆಗದಂತೆ ದಾರಿ ಹುಡುಕುವುದು. ನ್ಯಾಯಾಲಯ ಪರಿಹಾರ ಕೊಡಬೇಕಾದವರು ಯಾರೆಂದು ಕೇಳುತ್ತದೆ. ಎರಡೂ ಬೇಕು, ಆದರೆ ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಬಾರದು.

ನ್ಯಾಯಾಲಯದ ದೃಷ್ಟಿಗೆ ನಮ್ಮ ದೇಶದ್ದೇ ಉದಾಹರಣೆಯಿದೆ. 1979ರಲ್ಲಿ ಕೇರಳದ ಕಾವಲಿಲ್ಲದ ಸಾರ್ವಜನಿಕ ಕ್ರಾಸಿಂಗೊಂದರಲ್ಲಿ ಬಾಡಿಗೆ ವಾಹನಕ್ಕೆ ಎಕ್ಸ್‌ಪ್ರೆಸ್ ರೈಲು ಬಡಿದು 40 ಪ್ರಯಾಣಿಕರೂ ಚಾಲಕನೂ ತೀರಿಕೊಂಡರು. ಸರ್ವೋಚ್ಚ ನ್ಯಾಯಾಲಯ 1997ರಲ್ಲಿ, ಕಾವಲು ಇಡಬೇಕೆಂಬ ಸರಕಾರಿ ಆದೇಶ ಇಲ್ಲದಿದ್ದರೂ ಜನರನ್ನು ಕಾಯುವ ಎಚ್ಚರದಿಂದ ರೈಲ್ವೆಗೆ ಬಿಡುಗಡೆಯಿಲ್ಲವೆಂದಿತು. ಚಾಲಕನ ಅಜಾಗರೂಕತೆಯನ್ನು ಪ್ರಯಾಣಿಕರ ತಲೆಗೆ ಕಟ್ಟಲಾಗದೆಂದೂ ಹೇಳಿತು.

ಕಾನೂನು ಪ್ರಯಾಣಿಕನನ್ನು ಬಿಟ್ಟಿತೆಂದು ನಾವು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ 1988ರ ಮೋಟಾರು ವಾಹನ ಕಾಯಿದೆಯ 131ನೆಯ ವಿಧಿಯನ್ನು ಓದಿದಾಗ ಆ ಸಮಾಧಾನ ಉಳಿಯಲಿಲ್ಲ. ಕಾವಲಿಲ್ಲದ ಕ್ರಾಸಿಂಗಿನಲ್ಲಿ ಚಾಲಕ ವಾಹನ ನಿಲ್ಲಿಸಬೇಕು. ಕಂಡಕ್ಟರ್, ಕ್ಲೀನರ್ ಅಥವಾ ವಾಹನದಲ್ಲಿರುವ ಬೇರಾರನ್ನಾದರೂ ಹಳಿಯವರೆಗೆ ನಡೆಸಿ, ಎರಡೂ ಕಡೆ ನೋಡಿಸಿ, ಅವರ ಮುಂದಾಳುತನದಲ್ಲಿ ದಾಟಬೇಕು. ಯಾರೂ ಇಲ್ಲದಿದ್ದರೆ ಮಾತ್ರ ತಾನೇ ಇಳಿಯಬೇಕು.

ಬ್ರಾಡ್‌ಗೇಜ್ ಮಾರ್ಗಗಳಲ್ಲಿನ ಕಾವಲಿಲ್ಲದ ಕ್ರಾಸಿಂಗುಗಳನ್ನು 2019ರ ಜನವರಿಯ ವೇಳೆಗೆ ತೆಗೆದುಹಾಕಲಾಯಿತು. ತೋಟದ ದಾರಿಯಲ್ಲಿ ಈಗ ಕೆಳಸೇತುವೆಯಿದೆ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆಂದು ಅದೇ ಭಕ್ತರು ದೂರುತ್ತಿರುತ್ತಾರೆ. ಅಂದಿನ ಜೀಪಿನಲ್ಲಿ ಕಂಡಕ್ಟರ್ ಇರಲಿಲ್ಲ, ಕ್ಲೀನರ್ ಇರಲಿಲ್ಲ. ಚಾಲಕರ ಪಕ್ಕದಲ್ಲಿ ಕುಳಿತಿದ್ದವರು ನಾವೊಬ್ಬರೇ.