ಮನೆಯಿಂದ ಶಾಲೆ ಏನನ್ನು ಕೇಳಬಹುದು?

ಮನೆಯನ್ನು ಮೊದಲ ಶಾಲೆಯೆಂದೂ ತಾಯಿಯನ್ನು ಮೊದಲ ಗುರುವೆಂದೂ ಕೊಂಡಾಡುವುದು ನಮ್ಮ ಸಭೆ ಸಮಾರಂಭಗಳಲ್ಲಿ ವಾಡಿಕೆಯಾಗಿದೆ. ಆ ಮಾತನ್ನು ನಾವೂ ಹಲವು ಸಲ ಆಡಿದ್ದೇವೆ. ಆಡಿದ ಮರುದಿನವೇ ಆ ಮೊದಲ ಗುರುವಿನ ಮನೆಗೆ ಒಂದು ಕಾಪಿಪುಸ್ತಕವನ್ನು ಕಳುಹಿಸಿ, 'ಇಷ್ಟನ್ನು ಬರೆಸಿ, ರುಜು ಹಾಕಿ ಕಳುಹಿಸಿರಿ' ಎಂದು ಅಪ್ಪಣೆಯನ್ನೂ ಮಾಡಿದ್ದೇವೆ. ಗುರುವೆಂದು ಕರೆದವರನ್ನು ಗುಮಾಸ್ತರಂತೆ ದುಡಿಸಿಕೊಳ್ಳುತ್ತಿದ್ದೇವೆಂಬುದು ಬಹುಕಾಲ ನಮಗೆ ಹೊಳೆದಿರಲಿಲ್ಲ.

ಆಗತಾನೆ ಶಾಲೆಗೆ ಸೇರಿದ ಮಗುವಿನ ಕಲಿಕೆಗಾಗಿ ಮನೆಯಿಂದ ಏನನ್ನು ಕೇಳುವ ಹಕ್ಕು ಶಾಲೆಗಿದೆ? ಏನನ್ನು ಕೇಳಿದರೆ ಅದು ಅನ್ಯಾಯವಾಗುತ್ತದೆ? ಮೇಲುನೋಟಕ್ಕೆ ಇದು ಬೋಧನಕ್ರಮದ ಪ್ರಶ್ನೆ. ತರಬೇತಿಯ ದಿನಗಳಲ್ಲಿ ನಾವು ಅದನ್ನು ಹಾಗೆಯೇ ಓದಿ ಪರೀಕ್ಷೆಗೆ ಬರೆದೆವು. ಇದು ನ್ಯಾಯದ ಪ್ರಶ್ನೆಯೂ ಹೌದೆಂದು ನಮಗೆ ತಿಳಿದುಬಂದದ್ದು ಒಂದು ಸಣ್ಣ ಪ್ರಸಂಗದಿಂದ.

ಕಾಸರಗೋಡಿನ ಕಡೆಯ ಕನ್ನಡ ಶಾಲೆಯೊಂದರಲ್ಲಿ ನಾವು ಒಂದನೆಯ ತರಗತಿಯನ್ನು ನೋಡಿಕೊಳ್ಳುತ್ತಿದ್ದಾಗ, ಜೂನ್ ತಿಂಗಳ ಕೊನೆಯಲ್ಲಿ ಮಕ್ಕಳಿಗೆ 'ಅ, ಆ'ಗಳನ್ನು ನಾಲ್ಕು ಸಾಲು ಬರೆದುಕೊಂಡು ಬರಲು ಹೇಳಿದೆವು. ಮರುದಿನ ಒಬ್ಬ ಹುಡುಗನ ಪುಸ್ತಕದಲ್ಲಿ ಅಕ್ಷರಗಳು ಮುತ್ತು ಪೋಣಿಸಿದಂತಿದ್ದುವು. ಅದು ಆ ಎಳೆಯ ಕೈಯ ಬರವಣಿಗೆಯಲ್ಲವೆಂಬುದು ನೋಡಿದೊಡನೆ ಗೊತ್ತಾಗುವಂತಿತ್ತು. ನಾವು ಕೆಂಪು ಶಾಯಿಯಲ್ಲಿ ಪುಟದ ಮೇಲೆ ಅಡ್ಡಗೆರೆ ಎಳೆದು, ಎಲ್ಲರೆದುರಿಗೆ ಎರಡು ಮಾತು ಗದರಿಸಿಯೂ ಬಿಟ್ಟೆವು.

ಆ ಸಂಜೆ ಹುಡುಗನ ತಾಯಿ ಬಂದು ತರಗತಿಯ ಬಾಗಿಲಲ್ಲಿ ನಿಂತರು. ಬೀಡಿ ಕಟ್ಟಿ ಸಂಸಾರ ನಡೆಸುವ ಹೆಂಗಸು. "ಮಾಷ್ಟ್ರೇ, ತಪ್ಪು ಅವನದ್ದಲ್ಲ. ನನಗೆ ಅಕ್ಷರ ಬರುವುದಿಲ್ಲ. ಬರೆಯದೆ ಹೋದರೆ ನೀವು ಬೈಯುತ್ತೀರೆಂದು ನಾನೇ ಆಚೆಮನೆಯ ಹುಡುಗಿಯ ಕೈಯಲ್ಲಿ ಬರೆಸಿದ್ದು" ಎಂದು ತುಳುವಿನಲ್ಲಿ ಹೇಳಿದರು. ಸ್ವಲ್ಪ ತಡೆದು, "ಲೆಕ್ಕ ಅವನಿಗೆ ಬರುತ್ತದೆ. ರಾತ್ರಿ ಕಟ್ಟು ಎಣಿಸುವವನು ಅವನೇ" ಎಂದರು. ಬೀಡಿಯ ಒಂದು ಕಟ್ಟಿಗೆ 25. ನಾಲ್ಕು ಕಟ್ಟಿಗೆ ಎಷ್ಟೆಂದು ನಾವು ಹುಡುಗನನ್ನು ಕೇಳಿದೆವು. ಅವನು ನಮ್ಮ ಮುಖ ನೋಡದೆ, ತಾಯಿಯ ಸೆರಗು ಹಿಡಿದುಕೊಂಡೇ, ನೂರು ಎಂದ. ನಮ್ಮ ತರಗತಿಯ ಕರಿಹಲಗೆಯ ಮೇಲೆ ಅಂದಿನ ಪಾಠವಾಗಿ 1ರಿಂದ 5ರವರೆಗಿನ ಅಂಕೆಗಳು ಇದ್ದುವು.

ಆ ಕೆಂಪು ಗೆರೆಯಿಂದ ನಾವು ತಿದ್ದಿದ್ದಾದರೂ ಏನನ್ನು? ಹುಡುಗ ತಪ್ಪಾಗಿ ಬರೆದಿರಲಿಲ್ಲ. ಅವನು ಬರೆದೇ ಇರಲಿಲ್ಲ. ತಾಯಿಗೆ ಅಕ್ಷರ ಬಾರದಿದ್ದುದಕ್ಕೆ ಮಗನನ್ನು ದಂಡಿಸಿದಂತಾಯಿತು. ಅದೇ ದಿನ ಬೇರೊಂದು ಮಗುವಿನ ಪುಸ್ತಕಕ್ಕೆ 'ಉತ್ತಮ' ಎಂದು ಬರೆದಿದ್ದೆವು. ಆ ಮಗುವಿನ ತಂದೆ ವಿದ್ಯಾವಂತರು. ಪಕ್ಕದಲ್ಲಿ ಕುಳಿತು ಕೈಹಿಡಿದು ಬರೆಸಿದ್ದರು. ಹಾಗಾದರೆ ಆ ಹೊಗಳಿಕೆ ಸಲ್ಲಬೇಕಾದದ್ದು ಯಾರಿಗೆ? ಮಗುವನ್ನು ಅಳೆಯುತ್ತಿದ್ದೇವೆಂದು ನಂಬಿ ನಾವು ಮನೆಗಳನ್ನು ಅಳೆಯುತ್ತಿದ್ದೆವು.

ಈ ಪ್ರಸಂಗವನ್ನು ಮತ್ತೆ ಮತ್ತೆ ಮೆಲುಕು ಹಾಕಿದ ಮೇಲೆ ನಮಗೆ ಒಂದು ಸೂತ್ರ ದೊರೆಯಿತು. ಯಾವುದನ್ನು ಪ್ರತಿಯೊಂದು ಮನೆಯೂ ಕೊಡಬಲ್ಲುದೋ ಅದನ್ನು ಮಾತ್ರ ಶಾಲೆ ಮನೆಯಿಂದ ಕೇಳಬಹುದು. ಕೆಲವೇ ಮನೆಗಳು ಕೊಡಬಲ್ಲುದನ್ನು ಶಾಲೆ ತನ್ನ ವೇಳೆಯಲ್ಲಿ, ತನ್ನ ಗೋಡೆಗಳೊಳಗೆ, ಎಲ್ಲ ಮಕ್ಕಳಿಗೂ ತಾನೇ ಕೊಡಬೇಕು. ಅಕ್ಷರಾಭ್ಯಾಸ ಈ ಎರಡನೆಯ ಬಗೆಗೆ ಸೇರಿದ್ದು. ಅದಕ್ಕಾಗಿಯೇ ನಮಗೆ ಸಂಬಳ ಸಿಗುತ್ತದೆ.

ಇದು ನಮ್ಮೊಬ್ಬರ ಹೊಸ ಶೋಧವೇನೂ ಅಲ್ಲ. ಕೇಂದ್ರ ಸರಕಾರದ 2020ರ ಶಾಲಾಚೀಲ ನೀತಿಯಲ್ಲಿ ಎರಡನೆಯ ತರಗತಿಯವರೆಗೆ ಹೋಂವರ್ಕ್ ಕೂಡದೆಂದು ಸ್ಪಷ್ಟವಾಗಿ ಹೇಳಿದೆ. ಅದೇ ವರ್ಷ ಈ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ನಮ್ಮೆಲ್ಲರ ಕಣ್ಣೆದುರಿಗೆ ಬಂದು ನಿಂತಿತು. ಮಹಾಮಾರಿಯ ಕಾರಣ ಶಾಲೆಗಳು ಮುಚ್ಚಿ, 2020ರ ಜೂನ್ 1ರಂದು ಕೇರಳದಲ್ಲಿ 'ಫಸ್ಟ್ ಬೆಲ್' ಎಂಬ ಹೆಸರಿನ ಪಾಠಗಳು ಟಿ.ವಿ.ಯ ಮೂಲಕ ಮೊದಲಾದುವು. ಒಂದೇ ದಿನದಲ್ಲಿ ಮನೆಯೇ ಶಾಲೆಯಾಯಿತು. ಟಿ.ವಿ. ಇದ್ದ ಮನೆ, ಇಲ್ಲದ ಮನೆ, ಪಾಠವನ್ನು ಬಿಡಿಸಿ ಹೇಳುವವರಿದ್ದ ಮನೆ, ಇಲ್ಲದ ಮನೆ ಎಂಬ ಭೇದಗಳನ್ನು ಅಂದು ನೋಡದವರಿಲ್ಲ. ಮಹಾಮಾರಿ ಹೋಯಿತು, ಶಾಲೆ ತೆರೆಯಿತು. ಆದರೆ ಪುಟ್ಟ ಮಗುವಿನ ಚೀಲದಲ್ಲಿ ನಾವು ದಿನವೂ ಮನೆಗೆ ಕಳುಹಿಸುವ ಪುಸ್ತಕ ಅದೇ ಭೇದವನ್ನು ಸದ್ದಿಲ್ಲದೆ ಮುಂದುವರಿಸುತ್ತದೆ.

ಹಾಗಾದರೆ ಪ್ರತಿಯೊಂದು ಮನೆಯೂ ಕೊಡಬಲ್ಲುದು ಯಾವುದು? ಇದಕ್ಕೆ ಉತ್ತರ ಹುಡುಕುವಾಗ ನಮಗೆ ನೆನಪಾಗುವುದು ಸ್ವಿಟ್ಜರ್ಲೆಂಡಿನ ಶಿಕ್ಷಣತಜ್ಞ ಪೆಸ್ಟಲಾಜಿ ಬರೆದು, 1781ರಿಂದ ಭಾಗಭಾಗವಾಗಿ ಪ್ರಕಟಿಸಿದ 'ಲಿಯೊನಾರ್ಡ್ ಮತ್ತು ಗರ್ಟ್ರೂಡ್' ಎಂಬ ಕಾದಂಬರಿ. ಗರ್ಟ್ರೂಡ್ ಒಬ್ಬ ಬಡ ಗಾರೆಯವನ ಹೆಂಡತಿ. ಮನೆಯಲ್ಲಿ ನೂಲು ತೆಗೆಯುತ್ತಲೇ ಆಕೆ ಮಕ್ಕಳಿಗೆ ಲೆಕ್ಕ ಕಲಿಸುತ್ತಾಳೆ. ಕೋಣೆಯ ಈ ತುದಿಯಿಂದ ಆ ತುದಿಗೆ ಎಷ್ಟು ಹೆಜ್ಜೆ, ಕಿಟಕಿಯಲ್ಲಿ ಎಷ್ಟು ಗಾಜು, ರಾಟೆಗೆ ಎಷ್ಟು ಸುತ್ತು ಎಂಬುದೇ ಆ ಮಕ್ಕಳ ಗಣಿತ. ಕತೆಯಲ್ಲಿ ನಮಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಊರಿಗೆ ಒಳ್ಳೆಯ ಶಾಲೆ ಬೇಕೆಂದು ಹೊರಟವರು ಕಲಿಯಲು ಹೋದದ್ದು ಆಕೆಯ ಮನೆಗೆ. ಅಲ್ಲಿ ಶಾಲೆ ಮನೆಯಿಂದ ಪಾಠ ಕಲಿಯಿತು. ನಾವಾದರೋ ನಮ್ಮ ಬಾಗಿಲಿಗೇ ಬಂದ ಗರ್ಟ್ರೂಡಳನ್ನು ತಪ್ಪಿತಸ್ಥಳಂತೆ ನಿಲ್ಲಿಸಿದೆವು.

ನಮ್ಮ ಸುತ್ತಿನ ಮನೆಗಳನ್ನು ಈ ಕಣ್ಣಿನಿಂದ ನೋಡಿದರೆ ಸಾಮಗ್ರಿಗೆ ಕೊರತೆಯಿಲ್ಲ. ಆಟಿ ತಿಂಗಳ ಮಳೆಯಲ್ಲಿ ಅಟ್ಟದಿಂದ ಇಳಿಯುವ ಚೆನ್ನೆಮಣೆಯನ್ನು ನೋಡಿರಿ. ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ ಒಟ್ಟು 56 ಕಾಳುಗಳು, ಮಂಜೊಟ್ಟಿಯಾದರೂ ಸರಿ, ಹುಣಿಸೆ ಬೀಜವಾದರೂ ಸರಿ. ಒಂದು ಗುಳಿಯ ಕಾಳುಗಳನ್ನು ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವ ಮಗು, ಒಂದು ವಸ್ತುವಿಗೆ ಒಂದೇ ಎಣಿಕೆಯೆಂಬ ತತ್ತ್ವವನ್ನು ಬೆರಳ ತುದಿಯಿಂದ ಕಲಿಯುತ್ತದೆ. ಕಾಳು ಎಲ್ಲಿ ಮುಗಿದೀತೆಂದು ಮೊದಲೇ ಊಹಿಸುವುದನ್ನೂ ಕಲಿಯುತ್ತದೆ. ಅಂಗಳದಲ್ಲಿ ಹರಡಿದ ಅಡಕೆಯಲ್ಲಿ ದೊಡ್ಡದನ್ನೂ ಸಣ್ಣದನ್ನೂ ಬೇರೆ ಮಾಡುವುದು, ಬೆರಕೆಯಾದ ಉದ್ದು ಹೆಸರುಗಳನ್ನು ಹೆಕ್ಕುವುದು, ಉಣ್ಣುವವರ ಲೆಕ್ಕ ಹಿಡಿದು ಬಟ್ಟಲುಗಳನ್ನು ಇಡುವುದು, ಒಗೆದ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚುವುದು, ಇವೆಲ್ಲವೂ ವಿಂಗಡಣೆ, ಎಣಿಕೆ, ಆಕಾರ ಎಂಬ ಪಾಠಗಳೇ ಆಗಿವೆ. ಬಾಳೆನಾರಿನಿಂದ ಹೂ ಕಟ್ಟಿ ಪಳಗಿದ ಬೆರಳಿಗೆ ಪೆನ್ಸಿಲು ಭಾರವಾಗುವುದಿಲ್ಲ. ಅಜ್ಜಿಯ ಕತೆ ಕೇಳಿ 'ಮತ್ತೆ?' ಎಂದ ಮಗುವಿಗೆ ಮುಂದೆ ಪುಸ್ತಕದ ಪುಟ ತಿರುವುವ ಆಸೆ ಹುಟ್ಟುವುದು ಸಹಜ.

ಇವಕ್ಕೆ ದುಡ್ಡು ಬೇಡ, ಅಕ್ಷರ ಬೇಡ, ಪ್ರತ್ಯೇಕವಾದ ವೇಳೆಯೂ ಹೆಚ್ಚು ಬೇಡ. ಬೇಕಾದದ್ದು ಮಗುವಿನೊಡನೆ ಮಾತು. 'ಇವತ್ತು ಎಷ್ಟು ಬರೆದೆ?' ಎಂದು ಕೇಳುವುದರ ಬದಲು 'ಯಾರ ಪಕ್ಕದಲ್ಲಿ ಕುಳಿತೆ? ಏನು ನೋಡಿ ನಗು ಬಂತು?' ಎಂದು ಕೇಳಿದರೆ, ದಿನದ ಸಂಗತಿಗಳನ್ನು ಮೊದಲಿನಿಂದ ಕೊನೆಯವರೆಗೆ ಜೋಡಿಸಿ ಹೇಳುವ ಶಕ್ತಿ ಮಗುವಿಗೆ ಬರುತ್ತದೆ. ಮುಂದಿನ ಪ್ರಬಂಧಗಳಿಗೆಲ್ಲ ಅದೇ ಬೀಜ.

ಮಾತು ಎಂದೊಡನೆ, ಯಾವ ಭಾಷೆಯ ಮಾತು ಎಂಬ ಪ್ರಶ್ನೆ ಗಡಿನಾಡಿನಲ್ಲಿ ಏಳದಿರದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣದ ಸೌಕರ್ಯವನ್ನು ಒದಗಿಸಲು ಯತ್ನಿಸುವುದು ಪ್ರತಿಯೊಂದು ರಾಜ್ಯದ ಕರ್ತವ್ಯವೆಂದು ವಿಧಿಸಿತು. ಆ ತತ್ತ್ವವನ್ನೇ ಆಧರಿಸಿ ಕನ್ನಡ ಶಾಲೆಗಳ ಉಳಿವಿಗಾಗಿ ನಾವು ಮಾತನಾಡುತ್ತೇವೆ, ಮಾತನಾಡಲೂ ಬೇಕು. ಆದರೆ ನಮ್ಮ ತರಗತಿಗೆ ಬರುವ ಮಕ್ಕಳಲ್ಲಿ ತುಳು, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ ಮನೆಮಾತಿನವರು ಎಷ್ಟೋ ಮಂದಿ. ಕನ್ನಡವೇ ಮನೆಮಾತಾದವರಲ್ಲಿಯೂ ಹವ್ಯಕರ ಮಗುವಿನ ಮಾತು ಪಠ್ಯಪುಸ್ತಕದ ಮಾತಲ್ಲ. ಅಂಥ ಮನೆಗಳಿಗೆ 'ಮಗುವಿನೊಡನೆ ಶುದ್ಧ ಕನ್ನಡದಲ್ಲಿ ಮಾತನಾಡಿರಿ' ಎಂದು ನಾವು ಉಪದೇಶಿಸಿದ್ದುಂಟು. ಸರಕಾರದ ಮುಂದೆ ನಮಗಾಗಿ ಕೇಳುವ ನ್ಯಾಯವನ್ನು ನಮ್ಮ ಬೆಂಚಿನ ಮೇಲೆ ಕುಳಿತ ಮಗುವಿಗೆ ನಿರಾಕರಿಸುವುದು ಸರಿಯೆ?

ಪಠ್ಯಪುಸ್ತಕದಲ್ಲಿ ಬೆಕ್ಕಿನ ಚಿತ್ರವಿದ್ದರೆ ತುಳು ಮನೆಯ ಮಗು 'ಪುಚ್ಚೆ' ಎನ್ನುತ್ತದೆ, ಮಲಯಾಳ ಮನೆಯದು 'ಪೂಚ್ಚ' ಎನ್ನುತ್ತದೆ. ಮೂರೂ ಒಂದೇ ಪ್ರಾಣಿಯ ಹೆಸರುಗಳು. ಹೆಸರು ಬೇರೆ, ವಸ್ತು ಬೇರೆ ಎಂಬ ಅರಿವು ಈ ಗಡಿನಾಡಿನ ಮಗುವಿಗೆ ಆರನೆಯ ವಯಸ್ಸಿನಲ್ಲಿಯೇ ಸುಲಭವಾಗಿ ದೊರೆಯುತ್ತದೆ. ಇದನ್ನು ದೋಷವೆಂದು ತಿದ್ದಬೇಕಾಗಿಲ್ಲ. ತಾಯಿ ತನ್ನ ಭಾಷೆಯಲ್ಲಿಯೇ ಧಾರಾಳವಾಗಿ ಮಾತನಾಡಲಿ. ಅದಕ್ಕೆ ಕನ್ನಡದ ಸೇತುವೆ ಕಟ್ಟುವ ಕೆಲಸ ಶಾಲೆಯಲ್ಲಿ ನಮ್ಮದು. ಮನೆಮಾತಿಗಾಗಿ ನಾಚುವಂತೆ ಮಾಡಿ ಕಲಿಸಿದ ಕನ್ನಡ, ಮಗುವಿನ ನಾಲಗೆಗೆ ಬಂದರೂ ಎದೆಗೆ ಇಳಿಯಲಾರದು.

ನಮ್ಮ ಸೂತ್ರಕ್ಕೆ ಬರಬಹುದಾದ ಆಕ್ಷೇಪಗಳನ್ನೂ ಇಲ್ಲಿ ಎದುರಿಸಬೇಕು. 'ನನಗೆ ಅಕ್ಷರ ಗೊತ್ತಿದೆ. ನನ್ನ ಮಗುವಿಗೆ ನಾನು ಹೇಳಿಕೊಟ್ಟರೆ ತಪ್ಪೆ?' ಎಂದು ಒಬ್ಬ ತಂದೆ ಕೇಳಿಯಾರು. ಖಂಡಿತ ತಪ್ಪಲ್ಲ. ಮಗು ಕೇಳಿದರೆ ಹೇಳಿಕೊಡಲಿ, ಪುಸ್ತಕ ಓದಿ ತೋರಿಸಲಿ. ವಿಜಯದಶಮಿಯಂದು ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುವಾಗಿನ ಸಂತೋಷ ವರ್ಷವೆಲ್ಲ ಇರಲಿ. ಆ ಸಹಾಯವನ್ನು ನೆಚ್ಚಿಕೊಂಡು ಶಾಲೆ ತನ್ನ ಪಾಠವನ್ನು ಅರ್ಧಕ್ಕೆ ನಿಲ್ಲಿಸಬಾರದು ಎಂಬುದಷ್ಟೇ ನಮ್ಮ ವಾದ.

ಎರಡನೆಯ ಆಕ್ಷೇಪ ಇದಕ್ಕಿಂತ ಕಠಿನವಾದದ್ದು. 'ಬಡವರ ದುಡಿಮೆಯನ್ನೇ ಪಾಠವೆಂದು ಹೊಗಳಿ, ಮಕ್ಕಳನ್ನು ದುಡಿಮೆಗೆ ಹಚ್ಚುತ್ತೀರಾ?' ಈ ಮಾತಿನಲ್ಲಿ ಸತ್ಯವಿದೆ. ಗರ್ಟ್ರೂಡಳ ಮಕ್ಕಳೂ ನೂಲು ತೆಗೆಯುತ್ತಲೇ ಲೆಕ್ಕ ಕಲಿತರೆಂಬುದನ್ನು ನಾವು ಮರೆತಿಲ್ಲ. ಬೀಡಿ ಕಟ್ಟುವ ಕೆಲಸಕ್ಕೆ ಮಕ್ಕಳನ್ನು ಹಚ್ಚುವುದನ್ನು 1986ರ ಬಾಲಕಾರ್ಮಿಕ ಕಾಯಿದೆಯೇ ನಿಷೇಧಿಸಿತು. ಹೊಗೆಸೊಪ್ಪಿನ ಧೂಳು ಎಳೆಯ ಶ್ವಾಸಕೋಶಕ್ಕೆ ಹಿತವಲ್ಲ. ಆದಕಾರಣ ಗೆರೆ ಎಲ್ಲಿ ಎಂಬುದನ್ನು ಹೇಳಲೇಬೇಕು. ಮಗು ಯಾವ ಗಳಿಗೆಯಲ್ಲಾದರೂ ಎದ್ದು ಓಡಿಹೋಗಬಹುದಾದರೆ ಅದು ಕಲಿಕೆ. ಎದ್ದುಹೋದರೆ ಮನೆಯ ಸಂಪಾದನೆಗೆ ಕುಂದು ಬರುವುದಾದರೆ ಅದು ದುಡಿಮೆ. ಎಣಿಸುವುದನ್ನು ಹುಣಿಸೆ ಬೀಜದಿಂದ ಕಲಿಸೋಣ. ಬೀಡಿಯ ಮೊರದಿಂದ ಮಗು ದೂರವಿರಲಿ.

ಆದರೂ ಒಂದು ತೊಡಕು ಉಳಿಯುತ್ತದೆ. ದಿನದ ಲೆಕ್ಕ ತುಂಬಿಸಬೇಕಾದ ತಾಯಿಗೆ ಮಗುವಿನ ಮಾತು ಕೇಳಲು ಕಾಲು ಗಂಟೆಯ ಬಿಡುವೂ ಸಿಗದಿರಬಹುದು. ಮಾತೂ ಕೂಡ ಎಲ್ಲ ಮನೆಗಳಲ್ಲಿ ಒಂದೇ ಅಳತೆಯಲ್ಲಿ ಇಲ್ಲ. ಇದು ಉಪಾಧ್ಯಾಯನ ಕೈಯಿಂದ ಬಗೆಹರಿಯುವ ಅನ್ಯಾಯವಲ್ಲ. ಅವನು ಮಾಡಬಹುದಾದದ್ದು, ಆ ತಾಯಿಯ ಹೊರೆಯ ಮೇಲೆ ತನ್ನದೂ ಒಂದನ್ನು ಹೇರದಿರುವುದು. ಮನೆಯಲ್ಲಿ ಮಾತು ಸಿಗದ ಮಗುವಿನೊಡನೆ ಶಾಲೆಯಲ್ಲಿ ತಾನು ಹೆಚ್ಚು ಮಾತನಾಡುವುದು.

ನಾವು ಆ ಸಂಜೆ ಹುಡುಗನ ತಾಯಿಯನ್ನು ಒಳಗೆ ಕರೆದು ಕುಳ್ಳಿರಿಸಿ, ತಪ್ಪು ನಮ್ಮದೆಂದು ಹೇಳಿದೆವು. ಅವರಿಗೆ ಅದು ಅರ್ಥವಾಗಲಿಲ್ಲವೋ, ನಂಬಿಕೆ ಬರಲಿಲ್ಲವೋ. "ಇನ್ನು ಬರೆಸುವುದಿಲ್ಲ ಮಾಷ್ಟ್ರೇ" ಎಂದಷ್ಟೇ ಹೇಳಿ ಹೊರಟುಹೋದರು. ಮರುದಿನದಿಂದ ಬರವಣಿಗೆಯ ಪುಸ್ತಕಗಳು ನಮ್ಮ ಕಪಾಟಿನಲ್ಲಿಯೇ ಉಳಿದುವು. ಮಕ್ಕಳಿಗೆ ಮನೆಯಿಂದ 25 ಹುಣಿಸೆ ಬೀಜ ತರಲು ಹೇಳಿದೆವು. ಎಣಿಸಿ ತಂದವರು ಕೆಲವರು, ಮುಷ್ಟಿ ತುಂಬ ತಂದವರು ಹಲವರು. ಎಲ್ಲರ ಬೀಜಗಳನ್ನು ಇಪ್ಪತ್ತೈದರ ಗುಂಪುಗಳಾಗಿ ಮಾಡಿಕೊಟ್ಟವನು ಆ ಹುಡುಗ. 'ಅ'ಕಾರ ಬರೆಯಲು ಅವನು ಇನ್ನೆರಡು ತಿಂಗಳು ತೆಗೆದುಕೊಂಡ. ಅಕ್ಷರ ಸೊಟ್ಟಗಿತ್ತು, ಆದರೆ ಅವನದಾಗಿತ್ತು.