ಇಂದಿನ ಧಮ್ಮ ಚಿಂತನೆ: ಗಡಿಯಲ್ಲಿ ಮಗುವಿಗೊಂದು ಪ್ರಶ್ನೆ




ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಇಳಿದ ತಾಯಿ ಮತ್ತು ಮಗುವಿನ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಬೇರೆ ಬೇರೆ ಇದ್ದರೆ, ಗಡಿ ಅಧಿಕಾರಿ ಅವರ ಸಂಬಂಧವನ್ನು ವಿಚಾರಿಸಬಹುದು. ಕೆಲವೊಮ್ಮೆ ನೇರವಾಗಿ ಮಗುವನ್ನೇ ಕೇಳುವುದುಂಟು: "ಇವರು ನಿನಗೆ ಏನಾಗಬೇಕು?" ನಮ್ಮವರಿಗೆ ಇದು ಎದುರಾಗುವುದು ಸಹಜ. ನಮ್ಮ ಎಷ್ಟೋ ಮನೆಗಳಲ್ಲಿ ಮನೆತನದ ಹೆಸರೇ ಇರುವುದಿಲ್ಲ. ಮಗುವಿನ ಹೆಸರಿನ ಜೊತೆ ಅದರ ತಂದೆಯ ಹೆಸರು, ತಾಯಿಯ ಹೆಸರಿನ ಜೊತೆ ಆಕೆಯ ತಂದೆಯ ಹೆಸರು.

"ಹೆತ್ತವಳನ್ನೇ ಅನುಮಾನಿಸುವುದೇ?" ಎಂದು ನೊಂದುಕೊಂಡವರನ್ನು ನಾನು ಬಲ್ಲೆ. ಆ ನೋವು ಸುಳ್ಳಲ್ಲ. ಆದರೆ ಮಕ್ಕಳ ಕಳ್ಳಸಾಗಣೆಯೂ ಸುಳ್ಳಲ್ಲ. ಗಂಡ ಹೆಂಡಿರ ಜಗಳದಲ್ಲಿ ಒಬ್ಬರಿಗೆ ತಿಳಿಸದೆ ಇನ್ನೊಬ್ಬರು ಮಗುವನ್ನು ದೇಶ ದಾಟಿಸುವುದೂ ನಡೆಯುತ್ತದೆ. ಬ್ರಿಟನ್ನಿನ 2009ರ ಗಡಿ ಮತ್ತು ವಲಸೆ ಕಾಯ್ದೆಯ 55ನೇ ಸೆಕ್ಷನ್, ವಲಸೆಯ ಕೆಲಸ ಮಾಡುವಾಗ ಮಕ್ಕಳ ರಕ್ಷಣೆ ಮತ್ತು ಹಿತವನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಭಾರತವೂ 1992ರಲ್ಲಿ ಸೇರಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತನ್ನೂ ಕೇಳಬೇಕು ಎನ್ನುತ್ತದೆ.

ಇಂಥ ಪ್ರಶ್ನೆ ನಮ್ಮ ಸಂಘಕ್ಕೂ ಹೊಸತಲ್ಲ. ವಿನಯ ಪಿಟಕದ ಮಹಾವಗ್ಗದಲ್ಲಿ ಇದು ಬರುತ್ತದೆ. ರಾಹುಲನಿಗೆ ಪಬ್ಬಜ್ಜ ಕೊಟ್ಟಾಗ ಅಜ್ಜ ಶುದ್ಧೋದನ ತನ್ನ ಸಂಕಟವನ್ನು ಭಗವಾನರ ಮುಂದೆ ತೋಡಿಕೊಂಡನು. ಅಂದಿನಿಂದ ತಂದೆತಾಯಿಯ ಒಪ್ಪಿಗೆ ಇಲ್ಲದವನಿಗೆ ದೀಕ್ಷೆ ಕೊಡಬಾರದು ಎಂಬ ನಿಯಮ ಬಂತು. ಉಪಸಂಪದೆಗೆ ಬಂದವನನ್ನು ಇಂದಿಗೂ ಈ ಒಪ್ಪಿಗೆಯ ಬಗ್ಗೆ ಕೇಳುತ್ತಾರೆ.

ಅಲ್ಲಿಯೇ ಇನ್ನೊಂದು ಸಂಗತಿ ಇದೆ. ತುಂಬಿದ ಸಂಘದ ನಡುವೆ ಪ್ರಶ್ನೆ ಕೇಳಿದಾಗ ಬಂದವರು ನಾಚಿ, ತಬ್ಬಿಬ್ಬಾಗಿ, ಉತ್ತರಿಸಲಾರದೆ ಹೋದರು. ಆಗ ಭಗವಾನರು, ಮೊದಲು ಅವರನ್ನು ಒಂದು ಪಕ್ಕಕ್ಕೆ ಕರೆದು ಏನು ಕೇಳುತ್ತೇವೆಂದು ತಿಳಿಸಿ, ಆಮೇಲೆ ಸಂಘದ ನಡುವೆ ಕೇಳಿ ಎಂದರು. ಇದ್ದದ್ದನ್ನು ಇದೆ ಎನ್ನು, ಇಲ್ಲದ್ದನ್ನು ಇಲ್ಲ ಎನ್ನು, ಸಂಕೋಚಪಡಬೇಡ ಎಂದು ಧೈರ್ಯ ಹೇಳುವುದೂ ಆ ಕ್ರಮದ ಭಾಗ. ಬೆಳೆದವರಿಗೇ ಇಷ್ಟು ಕರುಣೆ ಬೇಕಾಯಿತು. ಹತ್ತು ತಾಸು ಪ್ರಯಾಣ ಮಾಡಿ, ನಿದ್ದೆಗಣ್ಣಲ್ಲಿ, ಅರಿಯದ ಭಾಷೆಯ ಮುಂದೆ ನಿಂತ ಆರು ವರ್ಷದ ಮಗುವಿಗೆ ಎಷ್ಟು ಬೇಕು?

ಹಾಗಾಗಿ ಕೇಳಬಾರದು ಎಂದು ನಾನು ಹೇಳಲಾರೆ. ಯಾರಿಗಾಗಿ ಕೇಳುತ್ತೇವೆ ಎಂಬುದನ್ನು ನೋಡಬೇಕು. ಮಗುವಿನ ಬಾಯಲ್ಲಿ ಕಲ್ಲು ಸಿಕ್ಕಿಕೊಂಡರೆ, ನೋವಾದರೂ ಬೆರಳು ಹಾಕಿ ತೆಗೆಯುತ್ತೇವೆ ಎಂಬ ಮಾತು ಅಭಯ ರಾಜಕುಮಾರ ಸುತ್ತದಲ್ಲಿದೆ. ಅಲ್ಲಿ ಬೆರಳು ಹಾಕುವುದು ಮಗುವಿನ ಜೀವಕ್ಕಾಗಿ. "ಇವರ ಜೊತೆ ನಿನಗೆ ಭಯವಿಲ್ಲವೇ?" ಎಂಬ ಪ್ರಶ್ನೆ ಅಂಥದ್ದು. "ನಿಮ್ಮಪ್ಪ ಇಲ್ಲಿ ಕೆಲಸ ಹುಡುಕಲು ಬಂದರಾ?" ಎಂದು ಮಗುವಿನ ಬಾಯಿಂದ ತಂದೆಯನ್ನು ಸಿಕ್ಕಿಸುವುದು ಬೇರೆ. ಅಲ್ಲಿ ಮಗು ಬರೀ ಸಾಧನ. ಮುಂದೆ ಅಪ್ಪನಿಗೆ ಏನಾದರೂ ಆದರೆ, ತನ್ನ ಮಾತಿನಿಂದಲೇ ಆಯಿತೆಂಬ ಭಾರವನ್ನು ಆ ಮಗು ಹೊರಬೇಕು.

ನಾವು ತಂದೆತಾಯಿಗಳೂ ಇದೇ ತಪ್ಪು ಮಾಡಬಹುದು. "ಕೇಳಿದರೆ ಹೀಗೇ ಹೇಳು" ಎಂದು ಸುಳ್ಳನ್ನು ಬಾಯಿಪಾಠ ಮಾಡಿಸಿದರೆ ನಾವೂ ಮಗುವನ್ನು ಸಾಧನ ಮಾಡಿದಂತೆಯೇ. ಜನನ ಪ್ರಮಾಣಪತ್ರ, ಜೊತೆಗೆ ಬಾರದ ಪೋಷಕರ ಒಪ್ಪಿಗೆ ಪತ್ರ ನಮ್ಮ ಚೀಲದಲ್ಲಿರಲಿ. ಮಗುವಿಗೆ ಇಷ್ಟು ಹೇಳಿದರೆ ಸಾಕು: "ಯಾರಾದರೂ ಕೇಳಿದರೆ ಹೆದರಬೇಡ ಕಂದಾ. ಗೊತ್ತಿದ್ದದ್ದು ಹೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು."

🌼 *ಇಂದಿನ ಅಭ್ಯಾಸ:* "ಅಪ್ಪ ಇಷ್ಟವೋ ಅಮ್ಮ ಇಷ್ಟವೋ?", "ಅಜ್ಜಿ ನನ್ನ ಬಗ್ಗೆ ಏನಂದರು?" ಇಂಥ ಪ್ರಶ್ನೆಗಳನ್ನು ನಾವು ಮನೆಯಲ್ಲೇ ಮಕ್ಕಳಿಗೆ ಹಾಕುತ್ತೇವೆ. ಇಂದು ಯಾವುದೇ ಮಗುವನ್ನು ಏನಾದರೂ ಕೇಳುವ ಮುನ್ನ ಒಂದು ಉಸಿರು ನಿಲ್ಲೋಣ. ಈ ಉತ್ತರದಿಂದ ಒಳಿತು ಮಗುವಿಗೋ, ನನಗೋ?

ಎಲ್ಲರಿಗೂ ಮಂಗಳವಾಗಲಿ 🙏